ಗಡ್ಡೆಯ ಮುಂದೆ ಕಾರ್-ಟಿ: ಲ್ಯಾಬ್ ಕಲಿಸಿದ ಪಾಠಗಳು

ರೋಗಿಯ ರಕ್ತದಿಂದ ಟಿ-ಕೋಶ ತೆಗೆದು, ಕ್ಯಾನ್ಸರನ್ನು ಗುರುತಿಸುವ ಗ್ರಾಹಕವನ್ನು (ಕಾರ್) ಅದರಲ್ಲಿ ಕೂರಿಸಿ, ಮತ್ತೆ ಅವರ ಮೈಗೇ ಸೇರಿಸುವುದು ಕಾರ್-ಟಿ ಚಿಕಿತ್ಸೆ. ರಕ್ತಕ್ಯಾನ್ಸರ್‌ನಲ್ಲಿ ಗೆದ್ದ ಇದು ಗಟ್ಟಿ ಗಡ್ಡೆಗಳ ಮುಂದೆ ಏಕೆ ತಡವರಿಸುತ್ತದೆ? ಈ ಕೋಶಗಳನ್ನು ಬೆಳೆಸುವ ಕೆಲಸದಲ್ಲಿ ನನಗೆ ಮನದಟ್ಟಾದದ್ದು ಇಷ್ಟು.

1. ಎಷ್ಟು ಜೋರಾಗಿ ಕೊಲ್ಲುತ್ತದೆ ಎನ್ನುವ ಮೊದಲು ಯಾವುದನ್ನು ಕೊಲ್ಲುತ್ತದೆ ಎಂದು ಕೇಳಿ. ಬಿ-ಕೋಶಗಳ ಮೇಲಿನ ಸಿಡಿ19 ಪ್ರೋಟೀನ್‌ಗೆ ಗುರಿಯಿಟ್ಟಾಗ ಕ್ಯಾನ್ಸರ್ ಜೊತೆ ಒಳ್ಳೆಯ ಬಿ-ಕೋಶಗಳೂ ಸಾಯುತ್ತವೆ. ಆ ಕೊರತೆಯನ್ನು ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ನಿಭಾಯಿಸಬಹುದು. ಶ್ವಾಸಕೋಶಕ್ಕೆ ಅಂಥ ಬದಲಿ ಇಲ್ಲ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡ ಒಂದು ಸಾವನ್ನು ವರದಿ ಮಾಡಿತು: ಹರ್2 ಪ್ರೋಟೀನ್ ಗುರಿಯ ಸುಮಾರು 1000 ಕೋಟಿ ಕೋಶ ಪಡೆದ ರೋಗಿಗೆ ಹದಿನೈದು ನಿಮಿಷದಲ್ಲೇ ಉಸಿರಾಟ ಕೆಟ್ಟಿತು, ಐದು ದಿನಕ್ಕೆ ಜೀವ ಹೋಯಿತು. ಶ್ವಾಸಕೋಶದ ಮೇಲಿದ್ದ ಒಂದಿಷ್ಟು ಹರ್2 ಅಷ್ಟಕ್ಕೆ ಸಾಕಾಗಿತ್ತು ಎಂಬುದು ಆ ತಂಡದ ಅಂದಾಜು.

2. ಮೊದಲ ದಿನದ ಪ್ಲೇಟ್ ನೋಡಿ ಹಿಗ್ಗಬೇಡಿ. ಕ್ಯಾನ್ಸರ್ ಕೋಶಗಳ ಮೇಲೆ ಟಿ-ಕೋಶ ಹಾಕಿದರೆ ಮಾರನೆಯ ದಿನ ತಳ ಖಾಲಿ. ಅದೇ ಟಿ-ಕೋಶಗಳನ್ನು ಎತ್ತಿ ಹೊಸ ಕ್ಯಾನ್ಸರ್ ಕೋಶಗಳಿಗೆ ಹಾಕುತ್ತ ಹೋಗಿ. ಕೆಲವು ಸುತ್ತು ಕಳೆಯುವಷ್ಟರಲ್ಲಿ ಅವು ಬದುಕಿರುತ್ತವೆ, ಕೆಲಸ ಮಾತ್ರ ಮಾಡುವುದಿಲ್ಲ. ಕ್ಯಾನ್ಸರ್ ಕೋಶಗಳು ಪಕ್ಕದಲ್ಲೇ ಆರಾಮಾಗಿ ಹಬ್ಬುತ್ತಿರುತ್ತವೆ. ಫ್ಲೋ ಸೈಟೋಮೆಟ್ರಿಯಲ್ಲಿ ನೋಡಿದರೆ ದಣಿವಿನ ಗುರುತುಗಳಾದ ಪಿಡಿ-1, ಟಿಮ್-3, ಲ್ಯಾಗ್-3 ಮೂರೂ ಏರಿರುತ್ತವೆ. ಗಡ್ಡೆಯೊಳಗೆ ಇದರ ಜೊತೆಗೆ ಆಮ್ಲಜನಕದ ಕೊರತೆ, ಟಿ-ಕೋಶವನ್ನು ಹತ್ತಿಕ್ಕುವ ಟಿಜಿಎಫ್-ಬೀಟಾದ ಕಾಟ ಬೇರೆ. ಆದ್ದರಿಂದ ಮೊದಲ ಸುತ್ತಿನಲ್ಲಿ ನಿಧಾನವಾದರೂ ಐದನೆಯದರಲ್ಲೂ ದಮ್ಮಿರುವ ವಿನ್ಯಾಸವೇ ನನ್ನ ಆಯ್ಕೆ. ಸಂಖ್ಯೆಯ ಆಸೆಗೆ ಬಿದ್ದು ಕಲ್ಚರನ್ನು ಎಳೆಯುವುದೂ ಬೇಡ. ದಿನ ಹೆಚ್ಚಿದಷ್ಟೂ ಕೋಶ ಮುದಿಯಾಗುತ್ತದೆ.

3. ದಾರಿಯೂ ಔಷಧದ ಒಂದು ಭಾಗ. 2016ರಲ್ಲಿ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಆಸ್ಪತ್ರೆಯವರು ಮಿದುಳಿನ ಗ್ಲಿಯೊಬ್ಲಾಸ್ಟೋಮಾಕ್ಕೆ ರಕ್ತನಾಳ ಬಿಟ್ಟು, ಗಡ್ಡೆ ತೆಗೆದ ಜಾಗಕ್ಕೂ ಮಿದುಳಿನ ಕುಹರಕ್ಕೂ ನೇರವಾಗಿ ಕೋಶ ಕೊಟ್ಟರು. ಒಬ್ಬ ರೋಗಿಯಲ್ಲಿ ಏಳೂವರೆ ತಿಂಗಳು ಗಡ್ಡೆ ಮಾಯವಾಗಿತ್ತು.

4. ಒಂದೇ ಗುರಿಯನ್ನು ನಂಬಬೇಡಿ. ಅದೇ ರೋಗಿಗೆ ಕಾಯಿಲೆ ಬೇರೆ ಜಾಗಗಳಲ್ಲಿ ಮರಳಿತು, ಹೊಸ ಗಡ್ಡೆಗಳಲ್ಲಿ ಗುರಿಯ ಪ್ರೋಟೀನ್ ತಗ್ಗಿತ್ತು.

5. ಬಲ ಕೊಡುವಾಗಲೇ ಬ್ರೇಕನ್ನೂ ಇಡಿ. ರೋಗಿಗಳ ಮೇಲಿನ ಪ್ರಯೋಗಗಳಲ್ಲಿ, ಕೆಲವು ಗಟ್ಟಿ ಗಡ್ಡೆಗಳ ಮೇಲಿರುವ ಗ್ಲಿಪಿಕಾನ್-3 ಪ್ರೋಟೀನ್ ಗುರಿಯ ಕಾರ್-ಟಿ ಒಂಟಿಯಾಗಿ ಹೋದಾಗ ಯಾರ ಗಡ್ಡೆಯೂ ಗಣನೀಯವಾಗಿ ಕುಗ್ಗಲಿಲ್ಲ. ಇಂಟರ್‌ಲ್ಯೂಕಿನ್-15 ಸೇರಿಸಿದಾಗ ಮೂವರಲ್ಲಿ ಒಬ್ಬರಿಗೆ ಕುಗ್ಗಿತು. ಸೈಟೊಕೈನ್ ಉಕ್ಕುವಿಕೆಯೂ ಹೆಚ್ಚಿತು. ಆಗ ಕೈ ಹಿಡಿದವುಗಳಲ್ಲಿ ಒಂದು, ಬೇಕೆಂದಾಗ ಅವನ್ನೇ ಸಾಯಿಸಲು ಕೋಶಗಳಲ್ಲೇ ಮೊದಲು ಕೂರಿಸಿದ್ದ ಆತ್ಮಹತ್ಯಾ ಸ್ವಿಚ್.

6. ಕೊನೆಯದು ರೋಗಿಯ ಮನೆಯವರಿಗೆ. 2024ರ ಆಗಸ್ಟ್‌ನಲ್ಲಿ ಅಮೆರಿಕ ಸೈನೋವಿಯಲ್ ಸಾರ್ಕೋಮಾ ಎಂಬ ಗಟ್ಟಿ ಗಡ್ಡೆಗೆ ಒಪ್ಪಿದ ಚಿಕಿತ್ಸೆ ಕಾರ್ ಅಲ್ಲ, ಟಿ-ಕೋಶದ ಸಹಜ ಗ್ರಾಹಕವನ್ನೇ ಮಾರ್ಪಡಿಸಿ ಬಳಸುವ ಟಿಸಿಆರ್ ಬಗೆಯದು. ಅದೂ ನಿರ್ದಿಷ್ಟ ಅಂಗಾಂಶ ಗುರುತು, ಅಂದರೆ ಎಚ್‌ಎಲ್‌ಎ ಇದ್ದವರಿಗೆ ಮಾತ್ರ. ನಮ್ಮಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19, ಆಮೇಲೆ ಬೆಂಗಳೂರಿನ ಇಮ್ಯುನೀಲ್ ತಂದ ಕಾರ್ಟೆಮಿ, ಎರಡೂ ಬಿ-ಕೋಶದ ರಕ್ತಕ್ಯಾನ್ಸರ್‌ಗೆ. ಸ್ತನಕ್ಕೋ ಯಕೃತ್ತಿಗೋ ಕಾರ್-ಟಿ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.