ಹೊಸ ಹಾಡನ್ನು ತೂಗುವ ಮುನ್ನ: ರಸಮಂಜರಿ ಕೀಬೋರ್ಡಿನವನ ಎಂಟು ಪಾಠ

ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಮುತ್ತ ಗಣಪತಿ ಪೆಂಡಾಲು, ಜಾತ್ರೆ, ಆರತಕ್ಷತೆ ಎಲ್ಲೇ ರಸಮಂಜರಿ ಇರಲಿ, ವೇದಿಕೆಯ ಮೂಲೆಯಲ್ಲಿ ಕೀಬೋರ್ಡ್ ಹಿಂದೆ ನಿಲ್ಲುವುದು ನನ್ನ ಕಸುಬು. ಮೂವತ್ತು ವರ್ಷದ ಹಿಂದಿನ ಹಾಡನ್ನೂ ಮೊನ್ನೆ ಬಂದ ಹಾಡನ್ನೂ ಒಂದೇ ರಾತ್ರಿ, ಒಂದೇ ಜನರ ಮುಂದೆ ನುಡಿಸುತ್ತೇವೆ. ರಘು ದೀಕ್ಷಿತ್ ಪ್ರಾಜೆಕ್ಟ್‌ನಂಥ ಹಳೆಯ ತಂಡದ ಹೊಸ ಹಾಡು ಬಂದಾಗಲೆಲ್ಲ ಟೀ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: “ಮೊದಲಿನ ಥರ ಇಲ್ಲ ಬಿಡಣ್ಣ.” ಇಲ್ಲದೆಯೂ ಇರಬಹುದು. ಆದರೆ ಹಾಗೆನ್ನುವ ಮೊದಲು ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ.

1. ಹಳೆಯದೂ ಒಂದು ದಿನ ಹೊಸದಾಗಿತ್ತು

2008ರಲ್ಲಿ ಈ ತಂಡದ ಮೊದಲ ಆಲ್ಬಂ ಬಂದಾಗ ಅದರಲ್ಲಿ ಶಿಶುನಾಳ ಶರೀಫರ ಪದಗಳೂ ಇದ್ದವು. ಶರೀಫರು ಅಂದರೆ ನಮ್ಮ ಜಿಲ್ಲೆಯವರ ಕಿವಿಗೆ ಸಿ. ಅಶ್ವತ್ಥ್. ಅವರು ಹುಟ್ಟಿದ್ದೇ ಪಕ್ಕದ ಚನ್ನರಾಯಪಟ್ಟಣದಲ್ಲಿ, 1939ರಲ್ಲಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದ ಮೇಲಂತೂ ಆ ಧಾಟಿಯೇ ಮೂಲ ಎಂಬಷ್ಟು ಗಟ್ಟಿಯಾಯಿತು. ಹಾಗಾಗಿ ಗಿಟಾರು, ಡ್ರಮ್ಸ್ ಜೊತೆ ಶರೀಫರ ಪದ ಕೇಳಿದ ಹಿರಿಯರು, “ಅಶ್ವತ್ಥ್ ಮುಂದೆ ಇದೇನ್ರೀ ಕಿರುಚಾಟ” ಎಂದರು. ಇವತ್ತು ಅದೇ ಹಿರಿಯರ ಮಕ್ಕಳು ರಘು ಅವರ ಹೊಸ ಹಾಡು ಕೇಳಿ, ಆ ಶರೀಫರ ಪದದ ಮುಂದೆ ಇದೇನು ಎನ್ನುತ್ತಾರೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಅಶ್ವತ್ಥರ ಧಾಟಿಯೂ ಒಂದು ಕಾಲಕ್ಕೆ ಹೊಸದೇ. ಹೊಸ ಹಾಡನ್ನು ಹಳೆಯ ಹಾಡಿನ ಇಂದಿನ ಮರ್ಯಾದೆಯ ಜೊತೆ ಹೋಲಿಸಬೇಡಿ, ಅದು ಬಂದ ಹೊಸದರಲ್ಲಿ ಸಿಕ್ಕ ಮರ್ಯಾದೆಯ ಜೊತೆ ಹೋಲಿಸಿ.

2. ಎಳೆಗಾಯಿಯನ್ನು ಕೊಬ್ಬರಿಯ ಪಕ್ಕ ಇಡಬೇಡಿ

ಅರಸೀಕೆರೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ನೀರು ಬತ್ತಿ, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎಂದ ಮೇಲೆಯೇ ಉಂಡೆ ಕೊಬ್ಬರಿ. ಹಳೆಯ ಹಾಡಿನೊಳಗೂ ಹಾಗೆ ನಮ್ಮ ಕಾಲೇಜು, ಬಸ್ಸು, ಮದುವೆ, ಸಾವು ಎಲ್ಲ ಕೂತು ಒಣಗಿರುತ್ತವೆ. ಹೊಸ ಹಾಡಿಗೆ ಆ ಸೌಕರ್ಯವಿಲ್ಲ. ಕನಿಷ್ಠ ಒಂದು ವಾರ, ಬೇರೆ ಬೇರೆ ಹೊತ್ತಿನಲ್ಲಿ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಅರ್ಧ ಕೇಳಿ ಹೇಳಿದ್ದನ್ನು ಅಭಿಪ್ರಾಯ ಎನ್ನಲಾಗದು.

3. ಒಂದೇ ಜಾತಿಯ ಹಾಡಿನ ಜೊತೆ ಹೋಲಿಸಿ

ತಂಡ ತನಗಾಗಿ ಮಾಡಿಕೊಂಡ ಹಾಡು ಬೇರೆ, ಸಿನಿಮಾದ ಸನ್ನಿವೇಶಕ್ಕೆ ಕೂಡಿಸಿದ ಹಾಡು ಬೇರೆ. ರಘು ದೀಕ್ಷಿತ್ ಎರಡನ್ನೂ ಮಾಡಿದವರು. 2008ರ ಮೊದಲ ಆಲ್ಬಂ ಮತ್ತು 2013ರ ‘ಜಗ್ ಚಂಗಾ’ ಒಂದು ಸಾಲು. ‘ಸೈಕೋ’, 2010ರ ‘ಜಸ್ಟ್ ಮಾತ್ ಮಾತಲ್ಲಿ’, 2023ರ ‘ಆರ್ಕೆಸ್ಟ್ರಾ ಮೈಸೂರು’ ಇನ್ನೊಂದು ಸಾಲು. ಸಿನಿಮಾ ಹಾಡು ನಿರ್ದೇಶಕನ ಗಡಿಯಾರ ನೋಡಿಕೊಂಡು ಮುಗಿಯಬೇಕು. ಆಲ್ಬಂ ಹಾಡಿನಲ್ಲಿ ಗಿಟಾರಿನವನಿಗೆ ಮನಸ್ಸು ಬಂದರೆ ಇನ್ನೆರಡು ಸುತ್ತು ಹೊಡೆಯಬಹುದು. 2023ರ ಸಿನಿಮಾ ಹಾಡನ್ನು 2010ರ ಸಿನಿಮಾ ಹಾಡಿನ ಎದುರು ನಿಲ್ಲಿಸಿ, ಶರೀಫರ ಪದದ ಎದುರಲ್ಲ.

4. ಅಭಿಮಾನವನ್ನೂ ಕಳೆದು ಲೆಕ್ಕ ಹಾಕಿ

‘ಆರ್ಕೆಸ್ಟ್ರಾ ಮೈಸೂರು’ ನಮ್ಮಂಥ ವಾದ್ಯಗೋಷ್ಠಿಯವರದೇ ಕಥೆ. ಅದಕ್ಕೆ ಹಾಡು ಬರೆದ ಧನಂಜಯ ನಮ್ಮ ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯವರು. ಹೀಗಿರುವಾಗ ನಮ್ಮೂರ ಪೆಂಡಾಲಿನಲ್ಲಿ ಆ ಹಾಡಿಗೆ ಬೀಳುವ ಶಿಳ್ಳೆಯಲ್ಲಿ ಹಾಡಿನ ಪಾಲೆಷ್ಟು, ಊರಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಾನು ಮಾಡುವುದಿಷ್ಟೆ: ಬೇಲೂರು ದಾಟಿ ಮೂಡಿಗೆರೆ ಕಡೆ ಕಾರ್ಯಕ್ರಮವಿದ್ದಾಗ, ಯಾರ ಹೆಸರನ್ನೂ ಅನೌನ್ಸ್ ಮಾಡಿಸದೆ ಅದೇ ಹಾಡನ್ನು ನುಡಿಸಿ ನೋಡುತ್ತೇನೆ. ಇದು ನಮ್ಮೂರಿಗಷ್ಟೇ ಅಂಟಿದ ಜಾಡ್ಯವಲ್ಲ. 2023ರ ನವೆಂಬರಿನಲ್ಲಿ ಬೀಟಲ್ಸ್ ತಮ್ಮ ಕೊನೆಯ ಹಾಡೆಂದು ಒಂದನ್ನು ಹೊರತಂದರು. ಎಷ್ಟೋ ವರ್ಷಗಳ ಹಿಂದೆ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಹಾಡು ಅದು. ತೀರಿಹೋದವನ ದನಿ ಕೇಳಿದಾಗ ರಾಗ ಹೇಗಿದೆ ಎಂದು ಯೋಚಿಸುವಷ್ಟು ಸಮಾಧಾನ ಯಾರಿಗಿರುತ್ತದೆ?

5. ಪಿಯಾನೋ ಟೋನ್ ಒಂದರಲ್ಲೇ ನುಡಿಸಿ

ಇದು ನಮ್ಮ ಕಸುಬಿನ ಪರೀಕ್ಷೆ, ನನಗೆ ಹೆಚ್ಚು ನಂಬಿಕೆಯಿರುವುದೂ ಇದರಲ್ಲೇ. ಹೊಸ ಹಾಡನ್ನು ಪಟ್ಟಿಗೆ ಸೇರಿಸುವ ಮೊದಲು ರಿದಂ ಪ್ಯಾಡ್ ಆಫ್ ಮಾಡಿಸುತ್ತೇನೆ. ಬೇಸ್ ಬೇಡ, ಸ್ಟ್ರಿಂಗ್ಸ್ ಬೇಡ. ಬಲಗೈಯಲ್ಲಿ ಪಲ್ಲವಿ, ಎಡಗೈಯಲ್ಲಿ ಬರೀ ಶ್ರುತಿ. ಆಮೇಲೆ ನಮ್ಮ ಹುಡುಗನ ಗಂಟಲಿಗೆ ಒಗ್ಗುವಂತೆ ಸ್ಕೇಲ್ ಇಳಿಸಿ ಹಾಡಿಸುತ್ತೇನೆ. ರಘು ಅವರದು ಮೇಲಿನ ಸ್ಥಾಯಿಯಲ್ಲಿ ತೆರೆದುಕೊಳ್ಳುವ ದನಿ. ಕೆಳಗಿಳಿಸಿದಾಗಲೂ ಹಾಡು ನಿಂತರೆ ಧಾಟಿ ಗಟ್ಟಿಯಿದೆ, ಕುಸಿದರೆ ಅದು ದನಿಯ ಬಲದಲ್ಲಿ ನಿಂತಿತ್ತು ಎಂದರ್ಥ. ಭರತನಾಟ್ಯ ಕಲಿತವರು, ಕಾಲಿಗೆ ಗೆಜ್ಜೆ ಕಟ್ಟಿ, ಬಣ್ಣದ ಲುಂಗಿ ಉಟ್ಟು ವೇದಿಕೆಗೆ ಬರುವವರು. ಆ ಸೊಗಸೂ ಕಣ್ಣಿನಿಂದ ಬಂದು ಕಿವಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಣ್ಣು ಮುಚ್ಚಿ ಕೇಳಿ.

ಕೊನೆಗೆ ಎರಡನೇ ಬಿಜಿಎಂ ಮತ್ತು ಎರಡನೇ ಚರಣ. ಪಲ್ಲವಿಯನ್ನು ಎಲ್ಲರೂ ಬೆವರು ಸುರಿಸಿ ಮಾಡುತ್ತಾರೆ. ಹೆಸರು ಮಾಡಿದ ತಂಡಗಳು ಸಲೀಸಾಗಿ ತಮ್ಮದೇ ಹಳೆಯ ಸರಕು ತುರುಕುವುದು ಎರಡನೇ ಬಿಜಿಎಮ್ಮಿನಲ್ಲಿ. ಅಲ್ಲಿ ನನ್ನ ಬೆರಳು ನೋಟೇಶನ್ ನೋಡದೆ ತಾನಾಗಿ ಓಡಿದರೆ, ಅದನ್ನು ಹಿಂದೆ ಎಲ್ಲೋ ನುಡಿಸಿದ್ದೇನೆ ಎಂದೇ ಲೆಕ್ಕ.

6. ಹೆಸರು ಅದೇ, ಕೈಗಳು ಬೇರೆ

ತಂಡದ ಹಾಡುಗಾರ ಒಬ್ಬರೇ ಆದರೂ ಸುತ್ತಲಿನ ವಾದ್ಯಗಾರರು ವರ್ಷಗಳಲ್ಲಿ ಬದಲಾಗುತ್ತ ಬಂದಿದ್ದಾರೆ. ಹಳೆಯ ಹಾಡಿನಲ್ಲಿ ನಿಮಗೆ ಇಷ್ಟವಾದದ್ದು ಪಿಟೀಲಿನ ಒಂದು ಎಳೆತವಾಗಿದ್ದರೆ, ಅದನ್ನು ನುಡಿಸಿದವರು ಈಗ ಇದ್ದಾರೆಯೇ ಎಂದು ಮೊದಲು ನೋಡಿ. ಇಲ್ಲದವರ ಕೊರತೆಗೆ ಇರುವವರನ್ನು ಬೈದು ಫಲವಿಲ್ಲ.

7. ಖಾತೆಯನ್ನು ಬೇಗ ಮುಚ್ಚಬೇಡಿ

ಮೈಸೂರಿನ ಅಣ್ಣತಮ್ಮಂದಿರು ರಾಜನ್–ನಾಗೇಂದ್ರ ಸಿನಿಮಾಕ್ಕೆ ಸಂಗೀತ ಕೊಡಲು ಶುರುಮಾಡಿದ್ದು 1950ರ ದಶಕದಲ್ಲಿ. ಜನ ಇವತ್ತಿಗೂ ಕೇಳಿ ಹಾಡಿಸುವ ‘ಗಂಧದ ಗುಡಿ’ ಬಂದದ್ದು 1973ರಲ್ಲಿ, ‘ಎರಡು ಕನಸು’ 1974ರಲ್ಲಿ, ‘ಬಯಲು ದಾರಿ’ 1976ರಲ್ಲಿ. ಅವರ ಚಿನ್ನದಂಥ ಹಾಡುಗಳಲ್ಲಿ ಹೆಚ್ಚಿನವು ಹೀಗೆ ಇಪ್ಪತ್ತು ವರ್ಷ ದುಡಿದ ಮೇಲಿನವು. ಹಳಬರೆಂದರೆ ಮುಗಿದವರು ಎಂದುಕೊಂಡಿದ್ದರೆ ನಮ್ಮ ರಸಮಂಜರಿಗಳಲ್ಲಿ ಅರ್ಧ ರಾತ್ರಿಗೆ ನುಡಿಸಲು ಹಾಡೇ ಇರುತ್ತಿರಲಿಲ್ಲ.

8. ಎರಡನೇ ಗಣಪತಿಯವರೆಗೆ ಕಾಯಿರಿ

ನಮ್ಮ ಕಡೆ ಬೇಕಾದ ಹಾಡಿಗೆ ಚೀಟಿ ಕಳಿಸುವ ರೂಢಿ ಇನ್ನೂ ಇದೆ. ಸಿಗರೇಟ್ ಪ್ಯಾಕಿನ ಒಳಕಾಗದ, ಮದುವೆ ಕಾರ್ಡಿನ ತುಂಡು, ಕೆಲವೊಮ್ಮೆ ಮಡಿಸಿದ ಹತ್ತರ ನೋಟಿನೊಳಗೆ ಹಾಡಿನ ಹೆಸರು. ಬೇಲೂರಿನ ತೇರಿನ ದಿನಗಳ ಚೀಟಿ ಒಂದು ಬಗೆ, ಹಳೇಬೀಡು ಕಡೆಯ ಹಳ್ಳಿ ಗಣಪತಿಯ ಚೀಟಿ ಇನ್ನೊಂದು ಬಗೆ. ಆದರೆ ಎಲ್ಲ ಕಡೆಯೂ ನಿಜವಾಗುವ ಮಾತೊಂದಿದೆ. ಮೊದಲ ವರ್ಷ ಹೊಸ ಹಾಡಿಗೆ ಚೀಟಿ ಬರುವುದು ಪ್ರಚಾರದಿಂದ. ಮರುವರ್ಷದ ಗಣಪತಿಗೂ ಬಂದರೆ ಅದು ಹಾಡಿನಿಂದ. ಅಲ್ಲಿಯವರೆಗೆ ನನ್ನನ್ನು ಯಾರಾದರೂ ಕೇಳಿದರೆ ಮೂರು ಮಾತು ಹೇಳುತ್ತೇನೆ: ಈ ಹಾಡಿನಲ್ಲಿ ಹೊಸದಾಗಿ ಏನಿದೆ, ಎಲ್ಲಿ ಸೋತಿದೆ, ಯಾವ ಹಳೆಯ ಹಾಡಿನ ಪಕ್ಕ ಇಟ್ಟು ಹೇಳುತ್ತಿದ್ದೇನೆ. “ಹಳೇದೇ ಚೆನ್ನಾಗಿತ್ತು” ಎಂದಷ್ಟೇ ಹೇಳಿದರೆ ಹೊಸ ಹಾಡಿನ ಬಗ್ಗೆ ಇನ್ನೂ ಏನೂ ಹೇಳಿದಂತಾಗಲಿಲ್ಲ.