ಹೊಗೆಯಿಲ್ಲದ ಕೆಂಡವೂ ಕೊಲ್ಲುತ್ತದೆ

ಪ್ರಶ್ನೆ: ಭತ್ತದ ಕಟಾವು ಯಂತ್ರದ ಜೊತೆ ನಾವು ನಾಲ್ವರು ಹೊಲದಲ್ಲೇ ಉಳಿಯುತ್ತೇವೆ. ಹಳೆಯ ಮಿನಿ ಲಾರಿಗೆ ತಗಡು ಹೊದಿಸಿ ಮಲಗಲು ಜಾಗ ಮಾಡಿಕೊಂಡಿದ್ದೇವೆ. ಡಿಸೆಂಬರ್ ಚಳಿಗೆ ಬುಟ್ಟಿಯಲ್ಲಿ ಇದ್ದಿಲು ಹೊತ್ತಿಸಿ, ಹೊಗೆ ಹೋದ ಮೇಲೆ ಒಳಗಿಟ್ಟು ಬಾಗಿಲು ಹಾಕುತ್ತೇವೆ. ಬೆಳಿಗ್ಗೆ ಎಲ್ಲರಿಗೂ ತಲೆನೋವು, ವಾಕರಿಕೆ. ಹೊರಗೆ ಓಡಾಡಿದರೆ ಇಳಿಯುತ್ತದೆ. ಶೀತ ತಲೆಗೇರಿದೆಯೇ?
– ಓದುಗರು, ಸಿರುಗುಪ್ಪ

ಉತ್ತರ: ಇದು ಶೀತವಲ್ಲ. ಇಂದು ರಾತ್ರಿಯಿಂದಲೇ ಆ ಬುಟ್ಟಿ ಹೊರಗಿರಲಿ. ಒಟ್ಟಿಗೆ ಮಲಗಿದವರಿಗೆಲ್ಲ ಒಟ್ಟಿಗೆ ತಲೆನೋವು, ಹೊರಗಿನ ಗಾಳಿಗೆ ಬಂದರೆ ಆರಾಮ – ಇಷ್ಟು ಸಾಕು, ನಾನು ಮೊದಲು ಅನುಮಾನಿಸುವುದು ಕಾರ್ಬನ್ ಮಾನಾಕ್ಸೈಡನ್ನು.

ಹೊಗೆ ನಿಂತರೆ ಅಪಾಯವೂ ಹೋಯಿತು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದೇ ಜೀವ ತೆಗೆಯುವುದು. ನಿಗಿನಿಗಿ ಕೆಂಡದಿಂದ ಈ ಅನಿಲ ಬರುತ್ತಲೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ತಲೆನೋವಿನ ಎಚ್ಚರಿಕೆಯೂ ಸಿಗದೆ ಪ್ರಜ್ಞೆ ತಪ್ಪಬಹುದು. ಗರ್ಭಿಣಿ ಇದ್ದರೆ ಹೊಟ್ಟೆಯ ಕೂಸಿಗೆ ಇನ್ನೂ ಹೆಚ್ಚಿನ ಕೇಡು.

ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಿ ಕೂರಬೇಡಿ. ವಿಷ ಹಿಡಿದ ರಕ್ತವನ್ನೂ ಅದು ಆಮ್ಲಜನಕವೆಂದೇ ಓದಿ 98 ತೋರಿಸಬಹುದು.

ಯಾರಾದರೂ ಎಬ್ಬಿಸಿದರೂ ಏಳದಿದ್ದರೆ ಮೊದಲು ಬಾಗಿಲು ತೆರೆದು ಹೊರಗೆಳೆಯಿರಿ, 108ಕ್ಕೆ ಕರೆ ಮಾಡಿ, "ಕೆಂಡ ಇಟ್ಟುಕೊಂಡು ಮಲಗಿದ್ದರು" ಎಂದು ಸ್ಪಷ್ಟವಾಗಿ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ. ಚೇತರಿಸಿಕೊಂಡವರಲ್ಲೂ ಕೆಲವು ವಾರಗಳ ಬಳಿಕ ಮರೆವು, ನಡಿಗೆಯಲ್ಲಿ ತೊಡಕು ಕಾಣಿಸಬಹುದು. ನೀವು ನಾಲ್ವರೂ ಒಮ್ಮೆ ತಾಲ್ಲೂಕು ಆಸ್ಪತ್ರೆಗೆ ತೋರಿಸಿಕೊಳ್ಳಿ.

ಚಳಿಗೆ? ಮಲಗುವ ಮುಂಚೆ ಬಯಲಲ್ಲಿ ಬೆಂಕಿ ಕಾಯಿಸಿಕೊಳ್ಳಿ. ಒಳಗೆ ತಗಡಿನ ಮೇಲೆ ಭತ್ತದ ಹುಲ್ಲು ದಪ್ಪಗೆ ಹಾಸಿ, ಮೇಲೊಂದು ಕಂಬಳಿ, ಹೊದೆಯಲು ಇನ್ನೊಂದು. ತಲೆಗೆ ಟವೆಲ್ ಸುತ್ತಿಕೊಳ್ಳಿ. ಬೆಚ್ಚಗಾಗಬೇಕಾದದ್ದು ಮೈ, ಲಾರಿಯ ಗಾಳಿಯಲ್ಲ.

ಪ್ರಶ್ನೆ: ಜನವರಿಯಲ್ಲಿ ಕ್ಯಾರವಾನ್ ಬಾಡಿಗೆಗೆ ಪಡೆದು ಊಟಿಗೆ ಹೊರಟಿದ್ದೇವೆ. ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆ, ಉಬ್ಬಸ ಎರಡೂ ಇವೆ. ರಾತ್ರಿ ನೆಬ್ಯುಲೈಸರ್ ಬೇಕಾಗುತ್ತದೆ. ಹೀಟರ್‌ಗೆ ಬ್ಯಾಟರಿ ಸಾಕೇ?
– ಓದುಗರು, ಕುರುಗೋಡು

ಉತ್ತರ: ಸಾಲದು. 12 ವೋಲ್ಟಿನ 150 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಇರುವುದೇ 1,800 ವಾಟ್-ಅವರ್. ಅದು ಹಾಳಾಗದಂತೆ ಬಳಸಬಹುದಾದದ್ದು ಅರ್ಧದಷ್ಟು. 1,000 ವಾಟ್ ಹೀಟರ್ ಅದನ್ನು ಒಂದು ಗಂಟೆಯೊಳಗೆ ಬರಿದು ಮಾಡುತ್ತದೆ. ಮಧ್ಯರಾತ್ರಿ ಉಬ್ಬಸ ಕೆರಳಿದಾಗ ನೆಬ್ಯುಲೈಸರ್‌ಗೆ ಕರೆಂಟ್ ಇರುವುದಿಲ್ಲ. ಬ್ಯಾಟರಿಯನ್ನು ಅದಕ್ಕೇ ಮೀಸಲಿಡಿ, ಸ್ಪೇಸರ್ ಜೊತೆ ಇನ್ಹೇಲರನ್ನೂ ಒಯ್ಯಿರಿ. ಹೀಟರ್ ಬೇಕೇ ಬೇಕೆಂದರೆ ಕರೆಂಟ್ ಪ್ಲಗ್ ಕೊಡುವ ಜಾಗದಲ್ಲಿ ತಂಗಿ. ಜನರೇಟರ್ ಹಚ್ಚಿದರೆ ವಾಹನದ ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ಆಚೆ ಇರಲಿ, ಹೊಗೆಬಾಯಿ ಆ ಕಡೆಗಿರಲಿ. ಗ್ಯಾಸ್ ಒಲೆ ಹಚ್ಚಿಟ್ಟು ಒಳಗೆ ಕಾವು ಮಾಡಿಕೊಳ್ಳುವುದಂತೂ ಬೇಡವೇ ಬೇಡ.

ತಾಯಿಯವರ ಪಾದಗಳಲ್ಲಿ ಜೋಮು ಇದೆಯೇ? ಇದ್ದರೆ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ, ಬೆಳಿಗ್ಗೆ ಬೊಬ್ಬೆ ಕಂಡಾಗಲೇ ಗೊತ್ತಾಗುವುದು. ಸಕ್ಕರೆ ಕಾಯಿಲೆಯವರ ಪಾದದ ಗಾಯ ಬೇಗ ಮಾಯುವುದಿಲ್ಲ. ಸಡಿಲವಾದ ಉಣ್ಣೆಯ ಕಾಲುಚೀಲ ಸಾಕು. ಜನವರಿಯಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಿರುತ್ತವೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಲು ಬರುವುದಿಲ್ಲ, ಅದನ್ನು ಕಿಟಕಿಯ ಬಳಿ ಇಡಬೇಡಿ.

ಪ್ರಶ್ನೆ: ಲಾರಿ ಚಾಲಕ ನಾನು. ಚಳಿಗೆ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಕ್ಯಾಬಿನ್‌ನಲ್ಲಿ ಮಲಗಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಬೇಡ. ಸೈಲೆನ್ಸರ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಅದೇ ಅನಿಲ ಕ್ಯಾಬಿನ್ನಿಗೆ ನುಗ್ಗುತ್ತದೆ. ಎಂಜಿನ್ ಆರಿಸಿ, ಎರಡೂ ಕಡೆಯ ಗಾಜು ಎರಡು ಬೆರಳಷ್ಟು ಇಳಿಸಿ, ಕಂಬಳಿ ಹೊದ್ದು ಮಲಗಿ. ಮೈ ಬಿಸಿಯೇರಲೆಂದು ಮದ್ಯ ಕುಡಿಯುವ ರೂಢಿಯಿದ್ದರೆ ಬಿಡಿ: ಚರ್ಮ ಬಿಸಿಯೆನಿಸುತ್ತದೆ, ಒಳಗಿನ ಶಾಖ ಮಾತ್ರ ಇನ್ನೂ ಬೇಗ ಸೋರಿಹೋಗುತ್ತದೆ.