ಊಟಕ್ಕೆ ಬೇರೆ ದರ: ವಿಮಾನ ಸಂಸ್ಥೆಗಳ ಬೆಲೆ ವಿಂಗಡಣೆಯೂ ವರ್ತಕರ ಬಿಲ್ಲೂ

2017ರ ಜನವರಿ ತಿಂಗಳಿನಲ್ಲಿ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯು ತನ್ನ ಅಲ್ಪದೂರದ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಅದುವರೆಗೆ ಉಚಿತವಾಗಿ ನೀಡುತ್ತಿದ್ದ ತಿಂಡಿ ಮತ್ತು ಪಾನೀಯಗಳನ್ನು ನಿಲ್ಲಿಸಿತು. ಅವುಗಳ ಬದಲಿಗೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಸಂಸ್ಥೆಯ ಸ್ಯಾಂಡ್‌ವಿಚ್ ಮೊದಲಾದ ತಿನಿಸುಗಳನ್ನು ವಿಮಾನದೊಳಗೆ ಮಾರಲಾರಂಭಿಸಿತು. ನಗದು ಹಣಕ್ಕೆ ಅವಕಾಶವಿರಲಿಲ್ಲ. ಕಾರ್ಡಿನ ಮೂಲಕವೋ ಸಂಸ್ಥೆಯೇ ನೀಡುವ ಪ್ರಯಾಣ ಅಂಕಗಳ ಮೂಲಕವೋ ಬೆಲೆ ತೆರಬೇಕಾಗಿತ್ತು. ಪ್ರಯಾಣಿಕರಿಗೆ ಉತ್ತಮ ಗುಣಮಟ್ಟದ ಆಹಾರವೂ ಆಯ್ಕೆಯೂ ದೊರೆಯುವುದೆಂಬುದು ಸಂಸ್ಥೆಯ ವಿವರಣೆಯಾಗಿತ್ತು. ಆದರೆ ಮೊದಲ ತಿಂಗಳುಗಳಲ್ಲಿ ಅನೇಕ ವಿಮಾನಗಳಲ್ಲಿ ಹಿಂದಿನ ಸಾಲುಗಳಿಗೆ ತಲುಪುವ ಮೊದಲೇ ದಾಸ್ತಾನು ಮುಗಿಯುತ್ತಿತ್ತು. ಒಬ್ಬೊಬ್ಬರಿಂದಲೂ ಹಣ ಪಡೆದು ಸಾಗುವಷ್ಟರಲ್ಲಿ ವಿಮಾನ ಇಳಿಯುವ ಸಮಯವಾಗುತ್ತಿತ್ತು. 2021ರ ಜನವರಿಯಲ್ಲಿ ಆ ಏರ್ಪಾಟು ಕೊನೆಗೊಂಡು, ಮುಂಗಡವಾಗಿ ಆದೇಶ ನೀಡಿ ಕೊಳ್ಳುವ ಹೊಸ ಪದ್ಧತಿ ಬಂದಿತು. ಅದರೊಡನೆ ಪ್ರತಿಯೊಬ್ಬರಿಗೂ ಒಂದಿಷ್ಟು ಕುರುಕಲು ತಿಂಡಿಯನ್ನೂ ನೀರನ್ನೂ ಉಚಿತವಾಗಿಯೇ ಕೊಡಲಾಯಿತು.

ಮಾರಾಟದ ಬೆಲೆಯೊಳಗೆ ಅಡಗಿದ್ದ ಒಂದು ವೆಚ್ಚವನ್ನು ಹೊರತೆಗೆದು ಅದಕ್ಕೆ ಪ್ರತ್ಯೇಕ ದರ ವಿಧಿಸುವ ಈ ಕ್ರಮವು ವಿಮಾನಯಾನಕ್ಕೆ ಮಾತ್ರ ಸೀಮಿತವಲ್ಲ. ಪ್ಯಾಕಿಂಗ್, ಸಾಗಾಣಿಕೆ, ಯಂತ್ರದ ಸ್ಥಾಪನೆ ಮುಂತಾದವುಗಳನ್ನು ಬೆಲೆಯಲ್ಲಿ ಸೇರಿಸಬೇಕೇ, ಬೇರೆ ತೋರಿಸಬೇಕೇ ಎಂಬ ಪ್ರಶ್ನೆ ಪ್ರತಿಯೊಬ್ಬ ವರ್ತಕನ ಮುಂದೆಯೂ ಇದೆ. ಆದುದರಿಂದ ಈ ವಿಷಯವನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಉಚಿತ ಊಟ ಬಂದುದೇಕೆ?

ವಿಮಾನದ ಊಟವು ಆತಿಥ್ಯದ ಭಾವನೆಯಿಂದ ಮಾತ್ರ ಹುಟ್ಟಿದುದಲ್ಲ. ದೀರ್ಘಕಾಲದವರೆಗೆ ಪ್ರಯಾಣದರವನ್ನು ಸರ್ಕಾರಗಳೂ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವೂ ನಿಗದಿಪಡಿಸುತ್ತಿದ್ದವು. ದರವನ್ನು ಇಳಿಸಿ ಗಿರಾಕಿಯನ್ನು ಸೆಳೆಯುವ ಮಾರ್ಗ ಮುಚ್ಚಿದ್ದರಿಂದ ಪೈಪೋಟಿಯು ತಟ್ಟೆಯೊಳಗೆ ನಡೆಯಿತು. 1958ರಲ್ಲಿ ಅಟ್ಲಾಂಟಿಕ್ ಸಾಗರದ ಮಾರ್ಗದಲ್ಲಿ ಅಗ್ಗದ ದರ್ಜೆಯ ಪ್ರಯಾಣಿಕರಿಗೆ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕೆಂಬ ನಿಯಮವಿದ್ದಾಗ, ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಸಂಸ್ಥೆಯು ಊಟಕ್ಕೆ ಸಮನಾದ ಭರ್ಜರಿ ಸ್ಯಾಂಡ್‌ವಿಚ್ಚುಗಳನ್ನು ಬಡಿಸಿತು. ಪ್ರತಿಸ್ಪರ್ಧಿಗಳ ದೂರಿನ ಮೇಲೆ ಅದು ದಂಡ ತೆರಬೇಕಾಯಿತು. ಸ್ಯಾಂಡ್‌ವಿಚ್ಚಿನ ಗಾತ್ರವೂ ವ್ಯಾಜ್ಯದ ವಸ್ತುವಾದ ಕಾಲವದು!

ಅಮೆರಿಕದಲ್ಲಿ 1978ರ ಕಾಯಿದೆಯು ದರ ನಿಯಂತ್ರಣವನ್ನು ಸಡಿಲಿಸಿತು. ಭಾರತದಲ್ಲಿ 1994ರಲ್ಲಿ ವಾಯು ನಿಗಮಗಳ ಅಧಿನಿಯಮವು ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ದರದಲ್ಲಿಯೇ ಪೈಪೋಟಿ ನಡೆಸಲು ಸಾಧ್ಯವಾದ ಮೇಲೆ ಊಟವು ಆಕರ್ಷಣೆಯ ಸ್ಥಾನದಿಂದ ವೆಚ್ಚದ ಸ್ಥಾನಕ್ಕೆ ಇಳಿಯಿತು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಮುಖ್ಯಸ್ಥ ರಾಬರ್ಟ್ ಕ್ರ್ಯಾಂಡಲ್ ಅವರು 1980ರ ದಶಕದಲ್ಲಿ ಸಲಾಡಿನಿಂದ ಒಂದು ಆಲಿವ್ ಕಾಯನ್ನು ತೆಗೆಸಿ ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಸಿದರೆಂಬ ಕಥೆ ಇಂದಿಗೂ ವಾಣಿಜ್ಯ ತರಗತಿಗಳಲ್ಲಿ ಕೇಳಿಬರುತ್ತದೆ. ಆದರೆ ಒಂದು ಕಾಯನ್ನು ತೆಗೆದುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಡೀ ತಟ್ಟೆಯನ್ನೇ ತೆಗೆದರೆ ಎಲ್ಲರಿಗೂ ಕಾಣುತ್ತದೆ. ಆ ಕಥೆ ಹೇಳುವವರು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಡೆಕ್ಕನ್ ತೋರಿದ ಮಾರ್ಗ

ಕನ್ನಡ ನಾಡಿನ ವಾಚಕರಿಗೆ ಹತ್ತಿರದ ಉದಾಹರಣೆಯೂ ಇದೆ. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಸ್ಥಾಪಿಸಿದ ಏರ್ ಡೆಕ್ಕನ್ 2003ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿತು. ಅದರಲ್ಲಿ ಉಚಿತ ಊಟವಿರಲಿಲ್ಲ, ಬೇಕಾದವರು ಕೊಳ್ಳಬೇಕಾಗಿತ್ತು. ಅದಕ್ಕಾಗಿ ಯಾರೂ ವಂಚನೆಗೊಳಗಾದಂತೆ ಭಾವಿಸಲಿಲ್ಲ. ಇತರ ಸಂಸ್ಥೆಗಳ ದರಕ್ಕಿಂತ ಅದರ ದರವು ಎದ್ದು ಕಾಣುವಷ್ಟು ಕಡಿಮೆಯಿದ್ದುದೇ ಇದಕ್ಕೆ ಕಾರಣ. ರೈಲಿನ ಬುತ್ತಿಯ ಅಭ್ಯಾಸವಿದ್ದ ಪ್ರಯಾಣಿಕನು ಮೊದಲ ಬಾರಿಗೆ ವಿಮಾನವೇರಿದಾಗ, ತಿಂಡಿಯಿಲ್ಲವೆಂಬುದಕ್ಕಿಂತ ತಾನು ಹಾರುತ್ತಿರುವೆನೆಂಬುದೇ ಅವನಿಗೆ ಮುಖ್ಯವಾಗಿತ್ತು. ಬ್ರಿಟಿಷ್ ಏರ್‌ವೇಸ್ ಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಹಳೆಯ ಗಿರಾಕಿಗೆ ಊಟ ಹೋದುದು ಕಾಣಿಸಿತು, ದರ ಇಳಿದುದು ಕಾಣಿಸಲಿಲ್ಲ. ಏರ್ ಡೆಕ್ಕನ್ ಮುಂದೆ ನಷ್ಟಕ್ಕೊಳಗಾಗಿ ಕಿಂಗ್‌ಫಿಷರ್ ಸಮೂಹದಲ್ಲಿ ವಿಲೀನಗೊಂಡುದು ನಿಜ; ಆದರೆ ಅದರ ಬೆಲೆಪದ್ಧತಿಯೇ ಇಂದು ಭಾರತದ ಆಕಾಶವನ್ನು ಆಳುತ್ತಿದೆ. 2006ರಲ್ಲಿ ಆರಂಭವಾದ ಇಂಡಿಗೋ ಇದೇ ಕ್ರಮದಿಂದ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯಾಯಿತು. ಅದೇ ಇಂಡಿಗೋ 2024ರ ನವೆಂಬರ್‌ನಲ್ಲಿ ದುಬಾರಿ ಆಸನಗಳ ಹೊಸ ದರ್ಜೆಯನ್ನು ತಂದಾಗ ಅದರಲ್ಲಿ ಊಟವನ್ನು ದರದೊಳಗೇ ಸೇರಿಸಿತೆಂಬುದು ಗಮನಾರ್ಹ.

ಸರ್ಕಾರವೂ ಈ ವಿಂಗಡಣೆಗೆ ಒಂದು ಚೌಕಟ್ಟನ್ನು ಹಾಕಿತು. 2013ರಲ್ಲಿ ಊಟ, ಇಷ್ಟದ ಆಸನ, ಸರಂಜಾಮು ಮುಂತಾದವುಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಲು ಅನುಮತಿ ನೀಡಿದಾಗ ಎರಡು ಅಂಶಗಳನ್ನು ಸ್ಪಷ್ಟಪಡಿಸಲಾಯಿತು: ಕುಡಿಯುವ ನೀರಿಗೆ ಶುಲ್ಕವಿಲ್ಲ, ಉಳಿದ ಸೇವೆಗಳು ಪ್ರಯಾಣಿಕನು ತಾನಾಗಿ ಆರಿಸಿಕೊಂಡಾಗ ಮಾತ್ರ. ಈ ಎರಡನೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ತೆರಿಗೆಯ ಪ್ರಶ್ನೆಯಲ್ಲಿ ಇಂಥದೇ ವಿಚಾರ ಮತ್ತೆ ಬರುತ್ತದೆ.

ಏಳು ಪ್ರಯಾಣಿಕರ ಲೆಕ್ಕ

ಕೇವಲ ವಿವರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ವಿಮಾನವೊಂದರಲ್ಲಿ 150 ಪ್ರಯಾಣಿಕರು, ತಲಾ ರೂ. 120 ವೆಚ್ಚದ ತಿಂಡಿ. ಉಚಿತವಾಗಿ ಕೊಟ್ಟರೆ ಒಂದು ಹಾರಾಟಕ್ಕೆ ರೂ. 18,000 ಖರ್ಚು. ಈಗ ಅದನ್ನು ನಿಲ್ಲಿಸಿ 60 ಪೊಟ್ಟಣಗಳನ್ನು ಮಾತ್ರ ಏರಿಸಿ, 45ನ್ನು ತೆರಿಗೆ ಹೊರತು ತಲಾ ರೂ. 300ರಂತೆ ಮಾರಲಾಯಿತೆಂದು ಭಾವಿಸೋಣ. ಮಾರಾಟ ರೂ. 13,500, ಹಾಳಾದ 15 ಪೊಟ್ಟಣಗಳನ್ನೂ ಸೇರಿಸಿ ವೆಚ್ಚ ರೂ. 7,200, ಉಳಿಕೆ ರೂ. 6,300. ಹಿಂದಿನ ಖರ್ಚಿನ ಉಳಿತಾಯವನ್ನೂ ಕೂಡಿಸಿದರೆ ಒಟ್ಟು ಅನುಕೂಲ ರೂ. 24,300. ಕಾಗದದ ಮೇಲೆ ಇದು ಆಕರ್ಷಕವೇ.

ಆದರೆ ಒಂದು ಟಿಕೆಟಿನ ದರ ರೂ. 4,000 ಆಗಿದ್ದರೆ, ಬೇಸರಗೊಂಡ ಏಳು ಮಂದಿ ಬೇರೆ ವಿಮಾನ ಹಿಡಿದ ಕೂಡಲೇ ರೂ. 28,000 ಆದಾಯ ಹೋಗಿ ಈ ಅನುಕೂಲವೆಲ್ಲವೂ ಕರಗುತ್ತದೆ. 150ರಲ್ಲಿ ಏಳೆಂದರೆ ಶೇ. 5ಕ್ಕಿಂತ ಕಡಿಮೆ. ಇಂಧನ, ಬಾಡಿಗೆ, ಸಿಬ್ಬಂದಿಯ ವೇತನ ಇವೆಲ್ಲ ಆಸನ ತುಂಬಿದರೂ ಖಾಲಿಯಿದ್ದರೂ ಬಹುಮಟ್ಟಿಗೆ ಒಂದೇ. ಆದುದರಿಂದ ಹೋದ ಗಿರಾಕಿಯೊಡನೆ ಪೂರ್ತಿ ದರವೇ ಹೋಗುತ್ತದೆ. ಬೇರೆ ವಿಮಾನಗಳಲ್ಲಿಯೂ ಊಟಕ್ಕೆ ಹಣ ಕೇಳುವಾಗ ಆ ಏಳು ಮಂದಿಗೆ ಹೋಗಲು ಜಾಗವಿರುವುದಿಲ್ಲ, ಅದು ಬೇರೆ ಮಾತು.

ಸಣ್ಣ ಕೈಗಾರಿಕೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಕಚ್ಚಾ ಸಾಮಗ್ರಿಯೇ ದೊಡ್ಡ ವೆಚ್ಚ. ರೂ. 4,000 ಮಾಲಿನಲ್ಲಿ ಚರವೆಚ್ಚ ಕಳೆದು ಉಳಿಯುವುದು ರೂ. 600 ಆದರೆ, ಅಷ್ಟೇ ಅನುಕೂಲ ಕರಗಲು 41 ಬಿಲ್ಲುಗಳು ಕೈತಪ್ಪಬೇಕು. ಹೀಗೆಂದು ಸಣ್ಣ ಉದ್ಯಮಿ ನಿಶ್ಚಿಂತನಾಗಿರುವಂತಿಲ್ಲ. ವಿಮಾನದ ಪ್ರಯಾಣಿಕನು ವರ್ಷಕ್ಕೆ ಎರಡು ಬಾರಿ ಬರಬಹುದು. ಅಂಗಡಿಯ ಖಾತೆದಾರನು ತಿಂಗಳಿಗೆ ನಾಲ್ಕು ಬಾರಿ ಬರುತ್ತಾನೆ. ಪ್ಯಾಕಿಂಗ್‌ಗೆಂದು ರೂ. 50 ಬೇರೆ ಕೇಳಿದುದಕ್ಕೆ ಅವನು ಮುನಿಸಿಕೊಂಡರೆ ಹೋಗುವುದು ಒಂದು ಬಿಲ್ಲಲ್ಲ, ವರ್ಷದ ವಹಿವಾಟು.

ಬಿಲ್ಲಿನಲ್ಲಿ ಬೇರೆಯಾದುದು ತೆರಿಗೆಯಲ್ಲಿ ಬೇರೆಯೇ?

ಅನೇಕ ವರ್ತಕರು ಎಡವುವುದು ಇಲ್ಲಿಯೇ. ಟಿಕೆಟಿನೊಳಗೆ ಊಟ ಸೇರಿದ್ದರೆ ಅದು ಸರಕು ಮತ್ತು ಸೇವಾ ತೆರಿಗೆ ಕಾನೂನಿನಲ್ಲಿ ಸಂಯೋಜಿತ ಪೂರೈಕೆ. ಪ್ರಧಾನ ಪೂರೈಕೆಯಾದ ಪ್ರಯಾಣಕ್ಕೆ ಅನ್ವಯಿಸುವ ದರವೇ, ಅಂದರೆ ಸಾಮಾನ್ಯ ದರ್ಜೆಗೆ ಶೇ. 5, ಇಡೀ ಮೊತ್ತಕ್ಕೆ ಅನ್ವಯ. ವಿಮಾನದೊಳಗೆ ಪ್ರಯಾಣಿಕನು ತನ್ನ ಇಚ್ಛೆಯಿಂದ ಕೊಂಡ ತಿನಿಸಾದರೋ ಪ್ರತ್ಯೇಕ ಪೂರೈಕೆ. ಊಟ ಬೇಡವೆಂದರೂ ಪ್ರಯಾಣ ನಡೆಯುತ್ತದೆ. ಕೊಳ್ಳುವವನಿಗೆ ನಿಜವಾದ ಆಯ್ಕೆಯಿದೆ.

ಇದನ್ನು ನೋಡಿ, ಬಿಲ್ಲಿನಲ್ಲಿ ಬೇರೆ ಸಾಲು ಬರೆದರೆ ಬೇರೆ ದರ ಹಾಕಬಹುದೆಂದು ತಿಳಿಯುವುದು ತಪ್ಪು. ಕೇಂದ್ರ ಅಧಿನಿಯಮದ ಕಲಂ 15(2)ರ ಪ್ರಕಾರ, ಪೂರೈಕೆದಾರನು ವಿಧಿಸುವ ಪ್ಯಾಕಿಂಗ್, ಕಮಿಷನ್ ಮುಂತಾದ ಪ್ರಾಸಂಗಿಕ ವೆಚ್ಚಗಳೂ, ಮಾಲು ತಲುಪಿಸುವ ವೇಳೆಗೆ ಅಥವಾ ಅದಕ್ಕೆ ಮೊದಲು ಮಾಡಿದ ಕೆಲಸದ ಶುಲ್ಕವೂ ಮಾಲಿನ ಮೌಲ್ಯಕ್ಕೆ ಸೇರುತ್ತವೆ. ಉದಾಹರಣೆಗೆ, ಶೇ. 18 ದರದ ಯಂತ್ರವೊಂದನ್ನು ಖರೀದಿದಾರನ ಕಾರ್ಖಾನೆಗೆ ತಲುಪಿಸುವ ಒಪ್ಪಂದವಿದೆ. ಲಾರಿ ಬಾಡಿಗೆ ರೂ. 40,000. ಸಾಗಾಣಿಕೆಗೆ ಶೇ. 5 ತಾನೇ ಎಂದು ಬಿಲ್ಲಿನಲ್ಲಿ ರೂ. 2,000 ತೆರಿಗೆ ಮಾತ್ರ ಹಾಕಲಾಗುತ್ತದೆ. ಹಾಕಬೇಕಾಗಿದ್ದುದು ರೂ. 7,200. ಕೊರತೆಯಾದ ರೂ. 5,200ಕ್ಕೆ ವಾರ್ಷಿಕ ಶೇ. 18ರಂತೆ ಬಡ್ಡಿ ಸೇರುತ್ತದೆ. ದಂಡದ ಸಂಭವವೂ ಇದೆ. ಲೆಕ್ಕ ತಪಾಸಣೆಯು ಎರಡು ಮೂರು ವರ್ಷಗಳ ನಂತರ ನಡೆದಾಗ ಖರೀದಿದಾರನಿಂದ ಈ ಹಣ ವಸೂಲಾಗುವುದು ದುರ್ಲಭ. ವರ್ಷಕ್ಕೆ ಇಂಥ ಐವತ್ತು ಬಿಲ್ಲುಗಳಿದ್ದರೆ ತೆರಿಗೆಯ ಕೊರತೆಯೇ ರೂ. 2,60,000.

ಹಾಗಾದರೆ ಯಾವುದನ್ನು ನಿಜವಾಗಿ ಬೇರ್ಪಡಿಸಬಹುದು? ಖರೀದಿದಾರನು ತನ್ನದೇ ಲಾರಿಯನ್ನು ಗೊತ್ತುಮಾಡಿ, ಬಾಡಿಗೆಯ ಬಿಲ್ಲು ಅವನ ಹೆಸರಿಗೇ ಬಂದರೆ ಆ ಮೊತ್ತ ಯಂತ್ರದ ಮೌಲ್ಯಕ್ಕೆ ಸೇರದು. ಯಂತ್ರ ಕೊಂಡ ಬಳಿಕ, ಇಷ್ಟವಿದ್ದರೆ ಮಾತ್ರ ಮಾಡಿಕೊಳ್ಳುವ ವಾರ್ಷಿಕ ನಿರ್ವಹಣಾ ಒಪ್ಪಂದವೂ ಪ್ರತ್ಯೇಕವಾಗಿ ನಿಲ್ಲುತ್ತದೆ. ಎರಡರಲ್ಲಿಯೂ ಖರೀದಿದಾರನು ಬೇಡವೆನ್ನಬಹುದು, ಹಾಗೆಂದರೂ ಯಂತ್ರದ ಮಾರಾಟ ನಿಲ್ಲುವುದಿಲ್ಲ. ಈ ಆಯ್ಕೆ ಇತ್ತೆಂಬುದಕ್ಕೆ ಆಧಾರವು ಬಿಲ್ಲಿನ ಸಾಲಿನಲ್ಲಿ ಅಲ್ಲ, ಖರೀದಿ ಆದೇಶದಲ್ಲಿರಬೇಕು. ತಲುಪಿಸುವ ಸ್ಥಳ ಯಾವುದು, ಬಾಡಿಗೆ ಯಾರದು, ಸ್ಥಾಪನೆಯ ಕೆಲಸ ಯಾರ ಹೊಣೆ ಎಂಬ ಮೂರು ಸಾಲುಗಳನ್ನು ಆದೇಶ ಪಡೆಯುವಾಗಲೇ ಬರೆಸಿಕೊಂಡು, ಅದರ ಪ್ರತಿಯನ್ನು ಬಿಲ್ಲಿನೊಡನೆ ಕಡತದಲ್ಲಿ ಇಡುವುದು ಕ್ಷೇಮ.